ತೂತು ಕೊರೆಯುವ ಮುನ್ನ



ಗಣಿತ ಕಲಿಸುತ್ತಿದ್ದ ಮೇಷ್ಟ್ರು ಈ ವಯಸ್ಸಿನಲ್ಲಿ ತೂತು ಕೊರೆಯುವ ಉಪಕರಣದ ಬಗ್ಗೆ ಬರೆಯುತ್ತಿದ್ದಾರೆಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನಮ್ಮ ಹೂವಿನಹಡಗಲಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಈಗ ಕಟ್ಟುವ ಮನೆಗಳನ್ನೊಮ್ಮೆ ನೋಡಿ. ಮಾಳಿಗೆಯ ಮೇಲೆ ಪ್ಲಾಸ್ಟಿಕ್ ತೊಟ್ಟಿ, ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಬಾಗಿಲಿಗೆ ದುಂಡು ಹಿಡಿಯ ಬೀಗ, ಮೇಲ್ಛಾವಣಿಯಲ್ಲಿ ಹುದುಗಿದ ದೀಪ. ಇವುಗಳಲ್ಲಿ ಒಂದೊಂದಕ್ಕೂ ಒಂದು ದುಂಡನೆಯ ತೂತು ಬೇಕು. ಆ ತೂತನ್ನು ಕೊರೆಯುವವನು ಹೆಚ್ಚಾಗಿ ಹತ್ತನೆಯ ತರಗತಿಗೇ ಶಾಲೆ ಬಿಟ್ಟ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಅಂಥವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ.

ಅವರಲ್ಲೊಬ್ಬ ಎರಡು ವರ್ಷ ಬೇರೊಬ್ಬರ ಕೈಕೆಳಗೆ ನಲ್ಲಿ ಕೆಲಸ ಕಲಿತು, ಕಳೆದ ಬೇಸಿಗೆಯಲ್ಲಿ ಸ್ವಂತವಾಗಿ ದುಡಿಯಲು ನಿಂತ. ಕೈಯಲ್ಲಿದ್ದ ಹಣ ಅಷ್ಟಕ್ಕಷ್ಟೇ. ಹೊಸಪೇಟೆಯ ಅಂಗಡಿಯಲ್ಲಿ ಎರಡು ಪೆಟ್ಟಿಗೆ ನೋಡಿ ಬಂದಿದ್ದ. ಒಂದರಲ್ಲಿ ಹದಿನಾರು ತುಂಡು, ಬೆಲೆ ಅಗ್ಗ. ಇನ್ನೊಂದರಲ್ಲಿ ಆರೇ ತುಂಡು, ಬೆಲೆ ಅದರ ಹಲವು ಪಟ್ಟು. "ಸರ್, ಯಾವುದು ತಗೊಳ್ಳಲಿ?" ಎಂದು ಕೇಳಿದ. ಅವನಿಗೆ ಅಂದು ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಸ್ವಂತ ಮನೆ ಕಟ್ಟಿಸುತ್ತಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಅಂಗಡಿಯವರು ಇದನ್ನು ಹೋಲ್ ಸಾ ಎನ್ನುತ್ತಾರೆ. ನಾನು ಬಟ್ಟಲುಗರಗಸ ಎನ್ನುತ್ತೇನೆ, ಏಕೆಂದರೆ ಇದು ಬಾಯಂಚಿಗೆ ಹಲ್ಲು ಮೂಡಿದ ಉಕ್ಕಿನ ಬಟ್ಟಲು. ನಡುವೆ ಒಂದು ಸಣ್ಣ ಬೈರಿಗೆಯಿದ್ದು, ಅದು ಮೊದಲು ಒಳಹೊಕ್ಕು ಬಟ್ಟಲು ಅತ್ತಿತ್ತ ಜಾರದಂತೆ ಕೇಂದ್ರವನ್ನು ಹಿಡಿದಿಡುತ್ತದೆ. ಬಟ್ಟಲನ್ನೂ ಬೈರಿಗೆಯನ್ನೂ ಯಂತ್ರಕ್ಕೆ ಜೋಡಿಸುವ ದಂಡಕ್ಕೆ ಆರ್ಬರ್ ಎಂದು ಹೆಸರು. ಸಾಮಾನ್ಯ ಬೈರಿಗೆ ತೂತಿನ ಒಳಗಿರುವುದನ್ನೆಲ್ಲ ಪುಡಿಮಾಡಿ ತೆಗೆಯುತ್ತದೆ. ಬಟ್ಟಲುಗರಗಸವಾದರೋ ಪರಿಧಿಯನ್ನಷ್ಟೇ ಕೊಯ್ದು ಒಳಗಿನ ಬಿಲ್ಲೆಯನ್ನು ಇಡಿಯಾಗಿ ಬಿಡಿಸುತ್ತದೆ. ಆದುದರಿಂದಲೇ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದಲೂ ಅಂಗೈಯಗಲದ ತೂತು ಸಾಧ್ಯವಾಗುತ್ತದೆ. ಈ ಯುಕ್ತಿ ಹೊಸದಲ್ಲ. ಪ್ರಾಚೀನ ಈಜಿಪ್ಟಿನವರು ತಾಮ್ರದ ಕೊಳವೆಯನ್ನು ಮರಳಿನ ಮೇಲೆ ತಿರುಗಿಸಿ ಗಟ್ಟಿ ಕಲ್ಲನ್ನು ಕೊರೆಯುತ್ತಿದ್ದರು. ಅಲ್ಲಿ ಕೊಯ್ಯುತ್ತಿದ್ದುದು ಮರಳು. ತಾಮ್ರದ ಕೆಲಸ ಮರಳನ್ನು ಒತ್ತಿ ತಿರುಗಿಸುವುದಷ್ಟೇ.

ಈಗ ಆಯ್ಕೆಯ ಮಾತು. ಮೊದಲನೆಯ ನಿಯಮವೆಂದರೆ, ಗರಗಸವನ್ನು ಕೊಳ್ಳುವ ಮುನ್ನ ತೂತಿನೊಳಗೆ ಕೂರಬೇಕಾದ ವಸ್ತುವನ್ನು ಅಳೆಯಬೇಕು. ಅರ್ಧ ಇಂಚಿನ ಕೊಳವೆಗೆ ಅರ್ಧ ಇಂಚಿನ ತೂತು ಸಾಕೆಂದು ಹೊಸಬರು ತಿಳಿಯುತ್ತಾರೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಆದರೆ ಅರ್ಧ ಇಂಚಿನ ಕಬ್ಬಿಣದ ಕೊಳವೆಯ ಹೊರವ್ಯಾಸ ಸುಮಾರು 21.3 ಮಿ.ಮೀ. ಅದೇ ಅರ್ಧ ಇಂಚಿನ ಹೆಸರಿನ ಸಿಪಿವಿಸಿ ಕೊಳವೆಯ ಹೊರವ್ಯಾಸ 15.9 ಮಿ.ಮೀ. ಹೆಸರು ಒಂದೇ, ಮೈ ಬೇರೆ. ನೀರಿನ ತೊಟ್ಟಿಯ ಜೋಡಣೆಯಲ್ಲಿ ತೂತಿನೊಳಗೆ ಹೋಗುವುದು ತಿರುಪು ಸುತ್ತಿದ ಭಾಗ. ಒಂದು ಇಂಚಿನ ಕೊಳವೆತಿರುಪಿನ ಹೊರವ್ಯಾಸ 33.25 ಮಿ.ಮೀ., ಮುಕ್ಕಾಲು ಇಂಚಿನದು 26.44, ಅರ್ಧ ಇಂಚಿನದು 20.96. ಆದ್ದರಿಂದ ಇವುಗಳಿಗೆ ಕ್ರಮವಾಗಿ 35, 27 ಮತ್ತು 22 ಮಿ.ಮೀ. ಗರಗಸಗಳು ಹೊಂದುತ್ತವೆ. ಆದರೂ ಕೈಯಲ್ಲಿರುವ ಸಾಮಾನನ್ನೇ ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವುದು ಲೇಸು. ಪ್ರಯೋಗಾಲಯದಲ್ಲಿ ಆ ಉಪಕರಣವನ್ನು ಹಿಡಿದು "ಇದರಿಂದೇನು ಉಪಯೋಗ ಸರ್?" ಎಂದು ಕೇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಉಪಯೋಗ ಇಲ್ಲಿದೆ.

ಎರಡನೆಯದು, ಪೆಟ್ಟಿಗೆಯೊಳಗಿನ ತುಂಡುಗಳನ್ನು ಎಣಿಸಬಾರದು, ಅಳತೆಗಳನ್ನು ಓದಬೇಕು. ಇಂಚಿನ ಲೆಕ್ಕದಲ್ಲಿ ಮಾಡಿದ ಅನೇಕ ಪೆಟ್ಟಿಗೆಗಳಲ್ಲಿ 19, 22, 29, 38, 44, 57 ಎಂಬ ಅಳತೆಗಳಿರುತ್ತವೆ. ಇವುಗಳಲ್ಲಿ 35 ಇಲ್ಲ. ಒಂದಿಂಚಿನ ಜೋಡಣೆಗೆ 29 ಸಣ್ಣದು. 38ರಲ್ಲಿ ಜೋಡಣೆ ಅಲುಗಾಡಿ, ರಬ್ಬರ್ ಬಳೆ ಓರೆಯಾಗಿ ಕೂತು, ತೊಟ್ಟಿ ಸೋರುವ ಭಯವಿದೆ. ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲುವ ಒಂಟಿ ಹಿಡಿಯ ನಲ್ಲಿಗಳಿಗೂ ಹೆಚ್ಚಾಗಿ ಕೇಳುವುದು ಇದೇ 35. ಬಾಗಿಲಿನ ದುಂಡು ಹಿಡಿಯ ಬೀಗಕ್ಕೆ ಮುಖದಲ್ಲಿ ಸಾಮಾನ್ಯವಾಗಿ 54 ಮಿ.ಮೀ., ಅಂಚಿನಲ್ಲಿ ಚಿಲಕದ ನಾಲಿಗೆಗೆ ಸುಮಾರು 25 ಮಿ.ಮೀ. ಬೇಕು. ಹದಿನಾರು ತುಂಡುಗಳಲ್ಲಿ ಕೆಲಸಕ್ಕೆ ಬರುವುದು ಮೂರೇ ಆದರೆ, ಉಳಿದ ಹದಿಮೂರಕ್ಕೆ ತೆತ್ತ ಹಣ ನೀರಲ್ಲಿ ಹೋಮ ಮಾಡಿದಂತೆ. ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಕಳೆದ ಎರಡು ವರ್ಷದಲ್ಲಿ ನೀನು ಕೊರೆದ ತೂತುಗಳನ್ನು ಒಂದು ಹಾಳೆಯಲ್ಲಿ ಬರೆ. ಬರೆದಾಗ ಸಿಕ್ಕಿದ್ದು ನಾಲ್ಕೇ ಅಳತೆ. ಅವನು ಎರಡು ಪೆಟ್ಟಿಗೆಯನ್ನೂ ಬಿಟ್ಟು, ಆ ನಾಲ್ಕನ್ನು ಬಿಡಿಬಿಡಿಯಾಗಿ, ಒಳ್ಳೆಯ ಗುಣಮಟ್ಟದಲ್ಲಿ ಕೊಂಡ.

ಗುಣಮಟ್ಟವೆಂದರೆ ಇಲ್ಲಿ ಹಲ್ಲಿನ ಜಾತಿ. ಅಗ್ಗದ ಪೆಟ್ಟಿಗೆಗಳಲ್ಲಿರುವುದು ಸಾಧಾರಣ ಇಂಗಾಲದ ಉಕ್ಕು. ಮೆದು ಮರ, ಪ್ಲಾಸ್ಟಿಕ್, ಜಿಪ್ಸಂ ಹಲಗೆಗಳಿಗೆ ಅದು ಸಾಕು. ಕಬ್ಬಿಣಕ್ಕೆ ತಾಗಿಸಿದರೆ ಹಲ್ಲು ಬಿಸಿಯಾಗಿ ಮೊಂಡಾಗುತ್ತದೆ. ಅದಕ್ಕಿಂತ ಮೇಲಿನದು ದ್ವಿಲೋಹ, ಅಂಗಡಿಯ ಮಾತಿನಲ್ಲಿ ಬೈಮೆಟಲ್. ಇದರಲ್ಲಿ ಬಿಸಿಗೆ ಬಗ್ಗದ ಹೈಸ್ಪೀಡ್ ಉಕ್ಕಿನ ಹಲ್ಲಿನಂಚನ್ನು, ಮುರಿಯದೆ ಬಾಗಬಲ್ಲ ಉಕ್ಕಿನ ಮೈಗೆ ಬೆಸೆದಿರುತ್ತಾರೆ. ಮರ, ಪ್ಲಾಸ್ಟಿಕ್, ಕಬ್ಬಿಣದ ತಗಡು ಎಲ್ಲಕ್ಕೂ ಆಗುವುದರಿಂದ ದಿನನಿತ್ಯ ದುಡಿಯುವವನಿಗೆ ಇದೇ ಸರಿ. ಸ್ಟೇನ್‌ಲೆಸ್ ಉಕ್ಕಿನ ಸಿಂಕಿಗೆ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲು ಹೆಚ್ಚು ಬಾಳುತ್ತದೆ. ಟೈಲ್ಸ್ ಮತ್ತು ಗ್ರಾನೈಟಿಗೆ ಮಾತ್ರ ಹಲ್ಲೇ ಇಲ್ಲದ, ಅಂಚಿಗೆ ವಜ್ರದ ಹರಳು ಕೂರಿಸಿದ ಬಟ್ಟಲು ಬೇಕು.

ಕಲ್ಲಿನ ಮಾತು ಬಂದಾಗ ನಮ್ಮೂರಿನವರಿಗೆ ಒಂದು ಸಂಶಯ ಬರುವುದು ಸಹಜ. ಕಲ್ಯಾಣ ಚಾಲುಕ್ಯರ ಕಾಲದ ನಮ್ಮ ಕಲ್ಲೇಶ್ವರ ಗುಡಿಯನ್ನೂ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯನ್ನೂ ನೀವು ನೋಡಿದ್ದೀರಿ. ಈ ಭಾಗವು ಮದ್ರಾಸ್ ಆಧಿಪತ್ಯದಲ್ಲಿದ್ದಾಗ ಅಲೆಕ್ಸಾಂಡರ್ ರೀ ಎಂಬ ಪುರಾತತ್ತ್ವಜ್ಞರು ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಮೇಲೆ 1896ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಕಲ್ಲನ್ನು ತಿರುಗಿಸಿ ಬಳೆಬಳೆಯಾಗಿ ಕಡೆದ ಕಂಬಗಳು ಆ ಶೈಲಿಯ ಹೆಗ್ಗುರುತು. ಒಂಬೈನೂರು ವರ್ಷದ ಹಿಂದೆ ಉಕ್ಕಿನ ಉಳಿಗೆ ಕಲ್ಲು ಮಣಿದಿದ್ದರೆ ಇಂದೇಕೆ ವಜ್ರ ಬೇಕು? ಉತ್ತರ ಕಲ್ಲಿನಲ್ಲಿಯೇ ಇದೆ. ಆ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲಿನ ಜಾತಿಯನ್ನು, ಅಂದರೆ ನಾವು ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪದ ಬಂಧುವನ್ನು. ಗಡಸುತನದ ಮಾನದಲ್ಲಿ ಬಳಪದ ಮುಖ್ಯ ಖನಿಜಕ್ಕೆ 1ನೆಯ ಸ್ಥಾನ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರಿಗೆ 6, ಕ್ವಾರ್ಟ್ಸಿಗೆ 7, ವಜ್ರಕ್ಕೆ 10. ಆ ಶಿಲ್ಪಿಗಳು ತಮ್ಮ ಉಳಿಗೆ ತಕ್ಕ ಕಲ್ಲನ್ನು ಆರಿಸಿದರು. ನಮ್ಮ ನಲ್ಲಿಯ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ. ಮನೆಯ ಯಜಮಾನ ಹಾಕಿಸಿದ ಕಲ್ಲಿಗೆ ತಕ್ಕ ಉಳಿಯನ್ನು ಅವನೇ ಹುಡುಕಬೇಕು.

ಮೂರನೆಯದು ವೇಗ. ಇಲ್ಲಿ ನಾನು ಸೀಮೆಸುಣ್ಣ ಹಿಡಿಯದೆ ಇರಲಾರೆ. ವೃತ್ತದ ಪರಿಧಿ ಎಂದರೆ ವ್ಯಾಸದ ಪೈ ಪಟ್ಟು. ಬಟ್ಟಲು ಒಂದು ಸುತ್ತು ತಿರುಗಿದಾಗ ಪ್ರತಿ ಹಲ್ಲೂ ಅಷ್ಟು ದೂರ ಓಡಬೇಕು. ವ್ಯಾಸ ಎರಡು ಪಟ್ಟಾದರೆ ಹಲ್ಲಿನ ಓಟವೂ ಎರಡು ಪಟ್ಟು. ಹಾಗಾಗಿ ತೂತು ದೊಡ್ಡದಾದಷ್ಟೂ ಯಂತ್ರ ನಿಧಾನವಾಗಬೇಕು. ಸಾಧಾರಣ ಕಬ್ಬಿಣಕ್ಕೆ ಬೈಮೆಟಲ್ ಗರಗಸದ ಕೋಷ್ಟಕಗಳು 19 ಮಿ.ಮೀ.ಗೆ ನಿಮಿಷಕ್ಕೆ ಸುಮಾರು 460 ಸುತ್ತು, 38ಕ್ಕೆ 230, 76ಕ್ಕೆ 115 ಎನ್ನುತ್ತವೆ. ಗುಣಿಸಿ ನೋಡಿ, ಮೂರರಲ್ಲಿಯೂ ಹಲ್ಲು ಓಡುವುದು ನಿಮಿಷಕ್ಕೆ 27 ಮೀಟರಿನ ಆಸುಪಾಸು. ಮನೆಬಳಕೆಯ ಅನೇಕ ಡ್ರಿಲ್ ಯಂತ್ರಗಳು ಪೂರ್ಣ ವೇಗದಲ್ಲಿ 2800 ಸುತ್ತು ತಿರುಗುತ್ತವೆ. ಆ ವೇಗದಲ್ಲಿ 51 ಮಿ.ಮೀ. ಬಟ್ಟಲಿನ ಹಲ್ಲು ನಿಮಿಷಕ್ಕೆ 448 ಮೀಟರ್ ಓಡುತ್ತದೆ. ಕಬ್ಬಿಣದ ಮೇಲೆ ಹೊಸ ಗರಗಸ ಬೇಗ ಸುಟ್ಟುಹೋಗುವುದು ಹೀಗೆ, ದೋಷ ಗರಗಸದ್ದಲ್ಲ. ಮರಕ್ಕೆ ಇದಕ್ಕಿಂತ ಹೆಚ್ಚು ವೇಗ ಸಲ್ಲುತ್ತದೆ. ಪ್ಲಾಸ್ಟಿಕ್ ತೊಟ್ಟಿಗೆ ಮಾತ್ರ ನಿಧಾನವೇ ಸರಿ, ಇಲ್ಲವಾದರೆ ಅದು ಕೊಯ್ಯುವ ಬದಲು ಕರಗಿ ಹಲ್ಲಿಗೆ ಅಂಟುತ್ತದೆ. ಆದ್ದರಿಂದ ಗುಂಡಿಯ ಒತ್ತಡದಿಂದ ವೇಗ ಹೊಂದಿಸಬಹುದಾದ ಯಂತ್ರವಿಲ್ಲದೆ ದೊಡ್ಡ ಬಟ್ಟಲು ಕೊಳ್ಳಬೇಡಿ.

ಅಂಗಡಿಯಲ್ಲಿಯೇ ನೋಡಬೇಕಾದ ಸಂಗತಿಗಳು ಇನ್ನೆರಡಿವೆ. ಆರ್ಬರಿನ ದಂಡ ನಿಮ್ಮ ಯಂತ್ರದ ಬಾಯಿಗೆ ಹಿಡಿಸಬೇಕು. 10 ಮಿ.ಮೀ. ಬಾಯಿಯ ಯಂತ್ರಕ್ಕೆ 11 ಮಿ.ಮೀ. ದಂಡ ಹೋಗದು, ಅದಕ್ಕೆ 13 ಮಿ.ಮೀ. ಬಾಯಿ ಬೇಕು. ಬೈಮೆಟಲ್ ಬಟ್ಟಲುಗಳಲ್ಲಿ ಸಾಮಾನ್ಯವಾಗಿ 30 ಮಿ.ಮೀ.ವರೆಗೆ ಒಂದು ತಿರುಪು, 32ರಿಂದ ಮೇಲೆ ದಪ್ಪ ತಿರುಪು ಇರುವುದರಿಂದ ಎರಡು ಆರ್ಬರ್ ಬೇಕಾದೀತು. ಮತ್ತೊಂದು, ಬಟ್ಟಲಿನ ಆಳ. ಅನೇಕ ಬಟ್ಟಲುಗಳ ಆಳ 38 ಮಿ.ಮೀ. ಸುಮಾರು. ಬಾಗಿಲು ದಪ್ಪವಾಗಿದ್ದರೆ ನಡುವಿನ ಬೈರಿಗೆ ಆಚೆ ಬದಿಗೆ ಮೂತಿ ತೋರಿಸಿದೊಡನೆ ನಿಲ್ಲಿಸಿ, ಆ ಬದಿಯಿಂದ ಉಳಿದದ್ದನ್ನು ಕೊರೆಯಬೇಕು. ಹೀಗೆ ಮಾಡಿದರೆ ಆಳ ಸಾಲುವುದಲ್ಲದೆ ಮರದ ಸಿಬಿರು ಏಳುವುದೂ ತಪ್ಪುತ್ತದೆ.

ಇನ್ನು ಎಚ್ಚರಿಕೆಯ ಮಾತುಗಳು. ದೊಡ್ಡ ಬಟ್ಟಲು ನಡುವೆ ಕಚ್ಚಿಕೊಂಡರೆ ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಪಕ್ಕದ ಹಿಡಿಯನ್ನು ಜೋಡಿಸಿ ಎರಡು ಕೈಯಲ್ಲಿ ಹಿಡಿಯಿರಿ. ಗ್ರಾನೈಟಿಗೆ ಸುತ್ತಿಗೆಯ ಹೊಡೆತ ಕೊಡುವ ವಿಧಾನವನ್ನು ಬಂದ್ ಮಾಡಿ, ಹದವಾಗಿ ನೀರು ಹನಿಸುತ್ತ ಕೊರೆಯಬೇಕು. ನೀರು ವಜ್ರದಂಚನ್ನು ತಣ್ಣಗಿಡುತ್ತದೆ, ಶ್ವಾಸಕೋಶಕ್ಕೆ ವಿಷವಾದ ಕಲ್ಲಿನ ಧೂಳನ್ನೂ ಅಡಗಿಸುತ್ತದೆ. ಆದರೆ ನೀರೂ ವಿದ್ಯುತ್ತೂ ಒಂದೆಡೆ ಇರುವ ಕೆಲಸಕ್ಕೆ ಬ್ಯಾಟರಿಯ ಯಂತ್ರವೇ ಕ್ಷೇಮ. ವಜ್ರದ ಬಟ್ಟಲುಗಳಲ್ಲಿ ಬಹಳಷ್ಟಕ್ಕೆ ನಡುವಿನ ಬೈರಿಗೆ ಇರುವುದಿಲ್ಲ. ಹಲಗೆಯೊಂದರಲ್ಲಿ ಅದೇ ಅಳತೆಯ ತೂತು ಮಾಡಿ, ಕಲ್ಲಿನ ಮೇಲೆ ಬಿಗಿಯಾಗಿ ಹಿಡಿದು, ಅದರೊಳಗಿಂದ ಕೊರೆದರೆ ಬಟ್ಟಲು ಜಾರದು. ಇದ್ದ ತೂತನ್ನೇ ಹಿರಿದು ಮಾಡಬೇಕಾದಾಗಲೂ ಇದೇ ಉಪಾಯ.

ಮಲ್ಲಿಗೆ ತೋಟಕ್ಕೆ ಹನಿ ನೀರಾವರಿ ಮಾಡಿಸುತ್ತಿರುವ ನೆಂಟರಿಗೂ ಒಂದು ಮಾತು. ಪಿವಿಸಿ ಕೊಳವೆಯಲ್ಲಿ ರಬ್ಬರ್ ಗ್ರಾಮೆಟ್ ಕೂರಿಸಲು ಸಾಲಾಗಿ ತೂತು ಹಾಕುತ್ತಾರಷ್ಟೆ. ಗ್ರಾಮೆಟ್ ತಯಾರಕರು ಹೇಳಿದ ಅಳತೆಯ ಬೈರಿಗೆಯನ್ನೇ ಬಳಸಿ, ಕೊರೆದ ಮೇಲೆ ಒಳಗಿನ ಸಿಪ್ಪೆಯನ್ನು ತೆಗೆದು, ಕೊಳವೆಯ ತುದಿ ಬಿಚ್ಚಿ ನೀರು ಹರಿಸಿ ತೊಳೆಯಿರಿ. ಒಳಗುಳಿದ ಒಂದು ಸಣ್ಣ ಸಿಪ್ಪೆ ಹನಿಯುವ ಬಾಯಿಗೆ ಅಡ್ಡ ಕೂತರೆ ಒಂದು ಗಿಡ ಬಾಯಾರುತ್ತದೆ, ಗಿಡ ಬಾಡುವತನಕ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ತೂತೂ ಆ ಜಾತಿಯದೇ. ಉದ್ದವಾದ ಹಲಗೆಯನ್ನು ಮತ್ತೆ ಕತ್ತರಿಸಬಹುದು, ಓರೆಯಾದ ಮೊಳೆಯನ್ನು ಕಿತ್ತು ಹೊಡೆಯಬಹುದು; ತಪ್ಪು ಜಾಗದಲ್ಲಿ ಬಿದ್ದ ತೂತನ್ನು ಹಿಂದಕ್ಕೆ ಪಡೆಯಲಾಗದು. ನಾನು ಬಲ್ಲ ಮನೆಯೊಂದರಲ್ಲಿ, ಹೊತ್ತು ಮುಳುಗುವುದರೊಳಗೆ ಮುಗಿಸೆಂದು ಅವಸರಪಡಿಸಿ, ವಜ್ರದ ಬಟ್ಟಲು ತರಲು ಒಂದು ದಿನ ಕೇಳಿದವನಿಗೆ ಅದನ್ನು ಕೊಡದೆ, ಇದ್ದ ಸಾಮಾನಿನಲ್ಲಿಯೇ ಗ್ರಾನೈಟ್ ಕೊರೆಸಿದರು. ಕಲ್ಲು ಅಂಚಿನವರೆಗೆ ಸೀಳಿತು. ಅದರ ಬೆಲೆಯನ್ನು ಹುಡುಗನ ಕೂಲಿಯಲ್ಲಿ ಹಿಡಿದುಕೊಂಡರು. ಅಗ್ಗದ ಉಪಕರಣದ ನಿಜವಾದ ಬೆಲೆಯನ್ನು ತೆರುವವರು ಯಾರೆಂಬುದು ನನಗೆ ಅಂದು ಸ್ಪಷ್ಟವಾಯಿತು.

ಆದುದರಿಂದ ದುಡಿಯುವ ಮಕ್ಕಳಿಗೆ ನನ್ನ ಮಾತು ಇದು: ಕಡಿಮೆ ಕೊಳ್ಳಿ, ಒಳ್ಳೆಯದನ್ನು ಕೊಳ್ಳಿ, ಅಳೆದು ಕೊಳ್ಳಿ. ಗ್ರಾನೈಟ್ ಕೆಲಸ ಒಪ್ಪುವ ಮುನ್ನ ವಜ್ರದ ಬಟ್ಟಲಿನ ಬೆಲೆಯನ್ನು ಲೆಕ್ಕದಲ್ಲಿ ಸೇರಿಸಿ ಹೇಳಿ, ಅದರಲ್ಲಿ ನಾಚಿಕೆ ಬೇಡ. ಮನೆ ಕಟ್ಟಿಸುವವರಿಗೆ ಕೋರಿಕೆ ಇದು: ನಲ್ಲಿಯನ್ನೂ ಬೀಗವನ್ನೂ ಮೊದಲೇ ತಂದು ಅವನ ಕೈಗೆ ಕೊಡಿ, ಅವನು ಎರಡು ಸಲ ಅಳೆದರೆ ಗೊಣಗಬೇಡಿ, ಸರಿಯಾದ ಉಪಕರಣ ತರಲು ಹೊಸಪೇಟೆಗೆ ಹೋಗಿಬರುತ್ತೇನೆಂದರೆ ಒಂದು ದಿನ ಬಿಡುವು ಕೊಡಿ. ಮನೆಗೆ ನೀರು ಬರುವುದು ಆ ತೂತಿನಿಂದಲೇ.