ಪತ್ತನಾಜೆಯ ತರುವಾಯ

ವೃಷಭಮಾಸದ ಹತ್ತನೆಯ ದಿನವನ್ನು ನಮ್ಮ ಸೀಮೆಯಲ್ಲಿ ಪತ್ತನಾಜೆಯೆಂದು ಕರೆಯುವರು. ಇಂಗ್ಲಿಷ್ ತಾರೀಖಿನಂತೆ ಅದು ಮೇ ತಿಂಗಳ ೨೪ಕ್ಕೋ ೨೫ಕ್ಕೋ ಬೀಳುತ್ತದೆ. ಅಂದಿನಿಂದ ದೇವಸ್ಥಾನಗಳಲ್ಲಿ ಜಾತ್ರೆಯಿಲ್ಲ, ಊರಲ್ಲಿ ನೇಮಕೋಲಗಳಿಲ್ಲ. ದೀಪಾವಳಿಯ ತರುವಾಯ ಹೊರಟು ಊರೂರು ತಿರುಗಿದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ವೇಷದ ಪೆಟ್ಟಿಗೆಗಳನ್ನು ಒಳಗಿಟ್ಟು, ಕಲಾವಿದರನ್ನು ಮನೆಗಳಿಗೆ ಕಳುಹಿಸುವುವು. ಪುತ್ತೂರು, ಸುಳ್ಯ, ಕಡಬಗಳಲ್ಲಿ ವಾಸಿಸುವ ಯಾವ ಗೃಹಸ್ಥನಿಗೂ ಇದನ್ನು ತಿಳಿಯಹೇಳಬೇಕಾದುದಿಲ್ಲ. ಆದರೆ ಆ ಆಟ ನಿಂತ ಮರುದಿನವೇ ಇನ್ನೊಂದು ಆಟವು ಆರಂಭವಾಗುವುದೆಂಬುದನ್ನು ಘಟ್ಟದ ಮೇಲಣ ವಾಚಕರು ಅರಿಯರು. ಅದಕ್ಕೆ ರಂಗಸ್ಥಳವು ಬೇಡ, ಚೆಂಡೆಮದ್ದಳೆಗಳೂ ಬೇಡ. ಹೊರಗೆ ಜಡಿಮಳೆ, ಒಳಗೆ ಹೋಟೆಲಿನ ಬೆಂಚು, ಬೆಂಚಿನ ಮೇಲೆ ನಾಲ್ಕು ಜನ ಇದ್ದರೆ ಸಾಕು. “ಈ ಸಲ ಆ ಮೇಳಕ್ಕೆ ಭಾಗವತರು ಯಾರಂತೆ?” ಎಂದು ಒಬ್ಬನು ಕೇಳಿದನೆಂದರೆ, ಉಳಿದ ಮೂವರಿಗೆ ಮನೆಗೆ ಹೋಗುವ ನೆನಪು ಮಧ್ಯಾಹ್ನದವರೆಗೆ ಬಾರದು.

ಪ್ರಶ್ನೆಯು ಭಾಗವತರನ್ನು ಕುರಿತೇ ಏಕೆ ಹುಟ್ಟುತ್ತದೆಂದರೆ, ಮೇಳದಲ್ಲಿ ಮೊದಲನೆಯ ವೇಷಧಾರಿಯೆಂದು ಹೇಳಿಸಿಕೊಳ್ಳುವವರು ವೇಷವನ್ನೇ ಕಟ್ಟದ ಭಾಗವತರು. ಪದ ಹೇಳುವುದು ಅವರ ಕೆಲಸದ ಅರ್ಧಭಾಗ ಮಾತ್ರ. ಯಾವ ಪಾತ್ರವು ಎಷ್ಟು ಹೊತ್ತು ಕುಣಿಯಬೇಕು, ಅರ್ಥಗಾರಿಕೆಯನ್ನು ಎಲ್ಲಿ ಬೆಳೆಯಗೊಡಬೇಕು, ಎಲ್ಲಿ ತಾಳವನ್ನು ಎತ್ತಿ ಮುಗಿಸಬೇಕು, ಹೊಸಬನಿಗೆ ಎಂದು ಅವಕಾಶ ಕೊಡಬೇಕು, ಇವೆಲ್ಲವೂ ಅವರ ಕೈಯಲ್ಲಿರುವ ಜಾಗಟೆಯ ಮೇಲೆ ನಿಂತಿರುತ್ತವೆ. ಭಾಗವತರು ಬದಲಾದರೆ ಮೇಳದ ಸ್ವಭಾವವೇ ಬದಲಾಗುತ್ತದೆ. ಅಷ್ಟೇ ಅಲ್ಲ, ಅವರು ಎದ್ದುಹೋದರೆ ಅವರ ಕೈಗೆ ಹೊಂದಿಕೊಂಡ ಮದ್ದಳೆಗಾರನು ಹಿಂದೆಯೇ ಹೋಗಬಹುದು, ಮದ್ದಳೆಗಾರನ ಹಿಂದೆ ಒಬ್ಬ ಸ್ತ್ರೀವೇಷದವನು ಹೋಗಬಹುದು. ಒಂದು ಸ್ಥಾನವು ತೆರವಾದರೆ ನಾಲ್ಕು ಮೇಳಗಳ ಚೌಕಿಗಳಲ್ಲಿ ಕಂಪನವಾಗುತ್ತದೆ.

ಒಂದೇ ಮೇಳದಲ್ಲಿ ಬೇರೂರಿ ನಿಂತವರೂ ಇದ್ದರು. ಬಲಿಪ ನಾರಾಯಣ ಭಾಗವತರು (೧೯೩೮–೨೦೨೩) ಕಟೀಲಿನ ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಅವರ ಏರುಶ್ರುತಿಯ ಕಂಠಕ್ಕೆ ಬಲಿಪ ಶೈಲಿಯೆಂಬ ಹೆಸರೇ ನಿಂತಿತು. ಉತ್ತರ ಕನ್ನಡದ ಕಡತೋಕ ಮಂಜುನಾಥ ಭಾಗವತರು ಬಡಗಿನ ಸೀಮೆಯಿಂದ ಬಂದವರಾದರೂ ತೆಂಕಿನ ಧರ್ಮಸ್ಥಳ ಮೇಳದವರೇ ಆಗಿಬಿಟ್ಟರು. ನಮ್ಮ ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ವಾಸವಾಗಿದ್ದ ಪದ್ಯಾಣ ಗಣಪತಿ ಭಟ್ಟರು ಸುರತ್ಕಲ್ ಮೇಳದಲ್ಲಿ ಎರಡು ದಶಕಗಳಿಗೂ ಮೀರಿ ಇದ್ದು, ತರುವಾಯ ಹೊಸನಗರ ಮೇಳದಲ್ಲಿಯೂ, ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿಯೂ ಹಾಡಿ, ೨೦೨೧ರಲ್ಲಿ ತೀರಿಕೊಂಡರು. ೨೦೧೯ರಲ್ಲಿ ಪಟ್ಲ ಸತೀಶ ಶೆಟ್ಟರು ಕಟೀಲು ಮೇಳದಿಂದ ಹೊರಗಾದಾಗಲಂತೂ, ಮುಂದೆ ಅವರು ಎಲ್ಲಿಗೆ ಹೋಗುವರೆಂಬುದನ್ನು ಮಾತನಾಡದ ಮನೆ ನಮ್ಮ ಮೂರು ತಾಲೂಕುಗಳಲ್ಲಿ ಇರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ೨೦೨೦ರಲ್ಲಿ ಪಾವಂಜೆಯ ಮೇಳವು ಹೊರಟು, ಅವರು ಅದರ ಪ್ರಧಾನ ಭಾಗವತರಾದ ಮೇಲೆಯೇ ಆ ಮಾತು ಅಡಗಿದುದು.

ಇದು ನಮ್ಮ ಸೀಮೆಗೇ ಮೀಸಲಾದ ಚಪಲವೆಂದು ನಾವು ಬಹುಕಾಲ ತಿಳಿದಿದ್ದೆವು. ಅಮೇರಿಕದಲ್ಲಿ ಓದುತ್ತಿರುವ ನಮ್ಮ ಅಕ್ಕನ ಮೊಮ್ಮಗನು ಆ ಭ್ರಮೆಯನ್ನು ಕಳೆದನು. ಅಲ್ಲಿ ಕಾಲೇಜುಗಳ ನಡುವೆ ಫುಟ್ಬಾಲ್ ಎಂಬ ಪಂದ್ಯವಿದೆ. ಹೆಸರು ಕಾಲ್ಚೆಂಡಾದರೂ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುವರಂತೆ! ಅದಿರಲಿ. ಚಳಿಗಾಲದ ಹೊತ್ತಿಗೆ ಪಂದ್ಯಗಳು ಮುಗಿಯುತ್ತಲೇ, ಯಾವ ಕಾಲೇಜಿನ ಕೋಚು ಎಲ್ಲಿಗೆ ಹೋಗುವನು, ತೆರವಾದ ಸ್ಥಾನಕ್ಕೆ ಯಾರು ಬರುವರು ಎಂಬ ಊಹಾಪೋಹವು ಅಲ್ಲಿಯೂ ಆರಂಭವಾಗುವುದಂತೆ. ೨೦೨೪ನೆಯ ಜನವರಿ ೧೦ರಂದು ಅಲಬಾಮಾ ವಿಶ್ವವಿದ್ಯಾಲಯದ ನಿಕ್ ಸೇಬನ್ ಎಂಬ ಪ್ರಸಿದ್ಧ ಕೋಚು ಹದಿನೇಳು ಋತುಗಳ ತರುವಾಯ ನಿವೃತ್ತನಾದನು. ಎರಡೇ ದಿನಗಳಲ್ಲಿ ಆ ಸ್ಥಾನಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದವನನ್ನು ಕರೆತಂದರು. ವಾಷಿಂಗ್ಟನ್ನಿನವರು ಅರಿಜೋನಾದವನನ್ನು ಎಳೆದರು. ಅರಿಜೋನಾದವರು ಸಾನ್ ಹೋಸೆಯವನನ್ನು ಎಳೆದರು. ಇಷ್ಟೂ ಒಂದು ವಾರದೊಳಗಣ ಕಥೆ. ಇಂಥ ದಿನಗಳಲ್ಲಿ ಯಾವ ಖಾಸಗಿ ವಿಮಾನವು ಯಾವ ಊರಿನಲ್ಲಿ ಇಳಿಯಿತೆಂಬುದನ್ನು ನೋಡಿಕೊಂಡು, ಇಂಥವನನ್ನು ಕರೆದೊಯ್ಯಲು ಬಂದಿತೆಂದು ತೀರ್ಮಾನಿಸುವವರೂ ಅಲ್ಲಿದ್ದಾರೆಂದು ಹುಡುಗನು ನಗುತ್ತ ಹೇಳಿದನು. ನಮಗೆ ನಗು ಬರಲಿಲ್ಲ. ನಮಗೆ ಒಂದು ಜೀಪಿನ ನೆನಪಾಯಿತು.

ಅದು ೧೯೯೧ರ ಮಳೆಗಾಲ. ನಮಗೆ ಆಗ ಇಪ್ಪತ್ತಾರು ವರ್ಷ. ಸುಳ್ಯ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತರಾಗಿದ್ದೆವು. ಹೊಳೆಯಾಚೆ ಒಬ್ಬ ಭಾಗವತರ ಮನೆಯಿತ್ತು. ಹೆಸರನ್ನು ಹೇಳುವುದಿಲ್ಲ, ಅವರಿದ್ದ ಮೇಳದ ಹೆಸರನ್ನೂ ಹೇಳುವುದಿಲ್ಲ. ಅದೊಂದು ಡೇರೆಮೇಳ, ಅವರು ಅದರಲ್ಲಿ ಎರಡನೆಯ ಭಾಗವತರು. ಆರು ತಿಂಗಳ ಸಂಬಳದಲ್ಲಿ ವರ್ಷವನ್ನು ನೂಕುವ ಸಂಸಾರ. ಒಂದಿಷ್ಟು ಅಡಿಕೆ ಮರಗಳು, ಮುದುಕಿ ತಾಯಿ, ಹೆಂಡತಿ, ಮೂವರು ಮಕ್ಕಳು. ಹಿರಿಯ ಮಗಳು ನಮ್ಮಲ್ಲಿಯೇ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಳು. ಆ ಕಾಲದಲ್ಲಿ ಮೇಳದ ಯಜಮಾನರು ಮಳೆಗಾಲದಲ್ಲಿಯೇ ಮುಂಗಡ ಹಣವನ್ನು ಕೊಟ್ಟು ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ನಿಶ್ಚಯಿಸಿಕೊಳ್ಳುತ್ತಿದ್ದರು. ಮುಂಗಡ ಬರುವ ತನಕ ಕಲಾವಿದನ ಮನೆಯಲ್ಲಿ ಮಳೆಯ ಸದ್ದೇ ಬೇರೆ.

ಆಟಿ ತಿಂಗಳ ಒಂದು ಸಾಯಂಕಾಲ ನಾವು ಶಾಲೆಯಿಂದ ಮರಳುವಾಗ, ಆ ಮನೆಯ ದಾರಿಯ ಬಳಿ ಜೀಪೊಂದು ನಿಂತಿತ್ತು. ಅದು ಇನ್ನೊಂದು ಮೇಳದ ವ್ಯವಸ್ಥಾಪಕರದೆಂಬುದನ್ನು ನಾವು ಬಲ್ಲೆವು. ಮಾರನೆಯ ಭಾನುವಾರ ಪುತ್ತೂರಿಗೆ ಹೋದಾಗ ಪರಿಚಿತರೊಡನೆ ಹೋಟೆಲಿನಲ್ಲಿ ಕುಳಿತೆವು. ಎಂದಿನ ಪ್ರಶ್ನೆ ಎದ್ದಿತು. ಅವರು ಒಬ್ಬೊಬ್ಬರಾಗಿ ತಮಗೆ ತಿಳಿದುದನ್ನು ಹೇಳಿದರು. ನಮ್ಮ ಸರದಿ ಬಂದಾಗ, “ಅವರು ಈ ಸಲ ಆಚೆ ಮೇಳಕ್ಕೆ. ಮುಂಗಡವೂ ಆಗಿದೆ” ಎಂದೆವು.

ಮುಂಗಡವನ್ನು ನಾವು ಕಂಡಿರಲಿಲ್ಲ. ಜೀಪನ್ನು ಕಂಡಿದ್ದೆವು. ತರ್ಕಸಂಗ್ರಹವನ್ನು ಓದಿ ಪರೀಕ್ಷೆ ಕೊಟ್ಟವರು ನಾವು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವಾಗ ಮೊದಲು ಅದು ಹೊಗೆಯೇ ಹೌದೋ ಎಂದು ನೋಡಬೇಕೆಂಬುದನ್ನು ಬಾಯಿಪಾಠ ಮಾಡಿದವರು. ಆಷಾಢದಲ್ಲಿ ಕುಮಾರಪರ್ವತದ ಮೇಲೇಳುವ ಮಂಜನ್ನು ನೋಡಿ ಕಾಡಿಗೆ ಬೆಂಕಿ ಬಿದ್ದಿತೆಂದು ಕೂಗಿದವನ ಸ್ಥಿತಿ ನಮ್ಮದಾಯಿತು. ನಿಜ ಹೇಳುವುದಾದರೆ, ಆ ದಿನ ತರ್ಕದ ಗೊಡವೆಯೇ ನಮಗಿರಲಿಲ್ಲ. ಊರಿಗೆ ಹೊಸಬನಾದ ಸಂಸ್ಕೃತ ಪಂಡಿತನ ಮಾತಿಗೆ ನಾಲ್ಕು ಜನರು ಚಹಾದ ಲೋಟವನ್ನು ಕೆಳಗಿಟ್ಟು ಕಿವಿಗೊಟ್ಟರು. ಆ ಸುಖವು ಸಾಕಾಗಿತ್ತು. ಒಬ್ಬರು ನಮ್ಮ ಚಹಾದ ಹಣವನ್ನೂ ಕೊಟ್ಟರು.

ಜೀಪು ಬಂದಿದ್ದುದು ಮದ್ದಿಗೆ. ಆ ವ್ಯವಸ್ಥಾಪಕರ ಮಗನಿಗೆ ಕಾಮಾಲೆಯಾಗಿತ್ತು. ಭಾಗವತರ ತಾಯಿಯು ಕಾಮಾಲೆಗೆ ಸೊಪ್ಪಿನ ಮದ್ದನ್ನು ಅರೆದುಕೊಡುತ್ತಿದ್ದರು. ಆ ಮನೆಗೆ ದೂರದೂರದಿಂದ ಜನರು ಬರುತ್ತಿದ್ದರು. ಇದನ್ನು ನಮಗೆ ಅವರ ಮಗಳೇ ತರಗತಿಯಲ್ಲಿ ಬೇರೆ ಯಾವುದೋ ಮಾತಿನ ನಡುವೆ ಹೇಳಿದಳು. ಹೇಳುವಾಗ ಶ್ರಾವಣವು ಕಳೆದಿತ್ತು. ಅಷ್ಟರಲ್ಲಿ ನಮ್ಮ ಮಾತು ಪುತ್ತೂರಿನಿಂದ ಮಂಗಳೂರಿಗೆ ಹೋಗಿ, ಅವರದೇ ಮೇಳದ ಯಜಮಾನರ ಕಿವಿಯನ್ನು ಮುಟ್ಟಿತ್ತು. ಹೇಳದೆ ಕೇಳದೆ ಬಿಟ್ಟುಹೋಗುವವನಿಗೆ ತಾನೇಕೆ ಕಾಯಬೇಕೆಂದು ಆ ಯಜಮಾನರು ಬೇರೊಬ್ಬರಿಗೆ ಮುಂಗಡವನ್ನು ಕೊಟ್ಟುಬಿಟ್ಟಿದ್ದರು.

ಕಿಂವದಂತಿಯೆಂಬ ಶಬ್ದದ ಬೆನ್ನಿಗೆ ‘ಏನು ಹೇಳುತ್ತಾರೆ?’ ಎಂಬ ಪ್ರಶ್ನೆಯೇ ಇದೆಯೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ವಾರ್ತಾ ಎಂಬ ಶಬ್ದವನ್ನೂ ಹೇಳಿಕೊಟ್ಟೆವು. ವೃತ್ತಿಯಿಂದ ಹುಟ್ಟಿದ ಆ ಶಬ್ದಕ್ಕೆ ಸುದ್ದಿಯೆಂಬುದು ಒಂದು ಅರ್ಥ, ಜೀವನೋಪಾಯವೆಂಬುದು ಇನ್ನೊಂದು. ಕೌಟಿಲ್ಯನು ನಾಲ್ಕು ವಿದ್ಯೆಗಳಲ್ಲಿ ವಾರ್ತೆಯನ್ನು ಎಣಿಸುವಾಗ ಹೇಳಿದುದು ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು, ಹೋಟೆಲಿನ ಹರಟೆಯನ್ನಲ್ಲ. ಈ ಪಾಠವನ್ನು ಮಾಡುವಾಗ ಭಾಗವತರ ಮಗಳು ಎರಡನೆಯ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದಳು.

ನವರಾತ್ರಿಯ ಒಂದು ರಾತ್ರಿ ಭಾಗವತರು ಕೊಡೆ ಹಿಡಿದು ನಮ್ಮ ಬಿಡಾರಕ್ಕೆ ಬಂದರು. ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡು, ತುಸು ಹೊತ್ತು ಮಳೆಯ ವಿಚಾರವನ್ನೂ ಅಡಿಕೆಗೆ ತಗಲಿದ ಕೊಳೆರೋಗದ ವಿಚಾರವನ್ನೂ ಮಾತನಾಡಿ, ಬಳಿಕ, “ಮಾಷ್ಟ್ರೇ, ಒಂದು ಕಾಗದ ಬರೆದು ಕೊಡಬೇಕಿತ್ತು. ಈ ವರ್ಷ ಧನಿಗಳಿಂದ ಇಷ್ಟರ ತನಕ ಸುದ್ದಿಯೇ ಇಲ್ಲ. ನಾನು ಬರೆದರೆ ಪದ ಬರೆದ ಹಾಗೆ ಆಗ್ತದೆ. ನೀವು ಕಲಿತವರು” ಎಂದರು.

ನಾವು ದೀಪದ ಬಳಿ ಕುಳಿತು ಕಾಗದವನ್ನು ಬರೆದೆವು. ಅವರ ಹನ್ನೊಂದು ವರ್ಷಗಳ ಸೇವೆಯನ್ನೂ, ಬೇರೆ ಮೇಳವನ್ನು ಸೇರುವ ಯೋಚನೆಯು ಅವರಿಗೆ ಕನಸಿನಲ್ಲಿಯೂ ಬಂದುದಿಲ್ಲವೆಂಬುದನ್ನೂ ಒಪ್ಪವಾಗಿ ಬರೆದೆವು. ಆ ಕೊನೆಯ ಮಾತನ್ನು ಸೇರಿಸಿದವರು ನಾವೇ. ಅವರು ಅದನ್ನು ಓದಿಸಿ ಕೇಳಿ, “ಇದು ಯಾಕೆ, ಮಾಷ್ಟ್ರೇ? ಹಾಗೆ ಯಾರು ಹೇಳಿದ್ದಾರೆ?” ಎಂದರು. “ಇರಲಿ, ಭಾಗವತರೇ” ಎಂದೆವು. ನಮ್ಮ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ. ಉತ್ತರವಾಗಿ ಹದಿನೈದು ದಿನಗಳಲ್ಲಿ ಒಂದು ಕಾರ್ಡು ಬಂತು: ಈ ವರ್ಷದ ಪಟ್ಟಿಯು ತುಂಬಿದೆ, ಮುಂದೆ ನೋಡೋಣ.

ಆ ತಿರುಗಾಟದಲ್ಲಿ ಅವರು ಮನೆಯಲ್ಲಿಯೇ ಉಳಿದರು. ಕರೆದಲ್ಲಿಗೆ ತಾಳಮದ್ದಳೆಗೆ ಹೋದರು. ನೆರೆಯವರ ಅಂಗಳದಲ್ಲಿ ಕೂಲಿಗೆ ಅಡಿಕೆ ಸುಲಿದರು. ರಾತ್ರಿ ದೂರದ ಗದ್ದೆಯಿಂದ ಚೆಂಡೆಯ ಪೆಟ್ಟು ಕೇಳಿಸಿದರೆ ಎದ್ದು ಅಂಗಳದಲ್ಲಿ ಅಡ್ಡಾಡುತ್ತಿದ್ದರೆಂದು ಅವರ ಮಗಳಿಂದ ತಿಳಿಯಿತು. ಮುಂದಿನ ವರ್ಷ ಒಂದು ಹರಕೆಮೇಳದಲ್ಲಿ ಅವರಿಗೆ ಸ್ಥಾನ ದೊರೆಯಿತಾದರೂ ಮೊದಲಿನ ಸಂಬಳವಲ್ಲ, ಮೊದಲಿನ ಹೊತ್ತಿನ ಹಾಡುವಿಕೆಯೂ ಅಲ್ಲ. ಸಂಜೆಯ ಮುನ್ನಾಟಕ್ಕೆ ಹಾಡಿ ಜಾಗ ಬಿಡಬೇಕಾದ ಸ್ಥಾನ. ನಾವು ಬೇರೆ ಶಾಲೆಗೆ ಹೋದೆವು. ಪುತ್ತೂರಿನ ಆ ಹೋಟೆಲಿಗೆ ಮಾತ್ರ ಹಲವು ವರ್ಷಗಳವರೆಗೆ ಹೋಗಲಿಲ್ಲ. ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲವೆಂಬುದು ಬೇರೆ ಮಾತು.

ನಿವೃತ್ತಿಯ ತರುವಾಯ ನಾವು ಕಡಬದ ಸಮೀಪದಲ್ಲಿ ನೆಲೆಸಿದ್ದೇವೆ. ೨೦೨೫ರ ಮಳೆಗಾಲದಲ್ಲಿ ನಮ್ಮ ಕಡೆಯ ಬೆಂಚುಗಳಿಗೆ ವಿಶೇಷವಾದ ಕಾಂತಿ ಬಂದಿತ್ತು. ಕಟೀಲಿನಿಂದ ಏಳನೆಯ ಮೇಳವು ಹೊರಡುವುದೆಂಬುದು ನಿಶ್ಚಯವಾಗಿತ್ತು. ನವೆಂಬರಿನಲ್ಲಿ ಅದು ಹೊರಟೂ ಹೊರಟಿತು. ಹೊಸ ಮೇಳವೆಂದರೆ ಭಾಗವತರಿಂದ ಹಿಡಿದು ಹಾಸ್ಯಗಾರರವರೆಗೆ ಎಲ್ಲ ಸ್ಥಾನಗಳೂ ಹೊಸವು. ಬರುವವರು ಎಲ್ಲಿಂದಲೋ ಬರಬೇಕು, ಬಂದಲ್ಲಿ ಹಿಂದೆ ತೆರವು ಬೀಳಬೇಕು. ಅಂಥ ಒಂದು ದಿನ, ಮೂವತ್ತನಾಲ್ಕು ವರ್ಷಗಳ ಬಳಿಕ, ನಾವು ಬಸ್ಸು ಹಿಡಿದು ಆ ಹೊಳೆಯಾಚೆಯ ಮನೆಗೆ ಹೋದೆವು.

ಭಾಗವತರಿಗೆ ಎಂಬತ್ತು ಸಮೀಪಿಸಿದೆ. ಸ್ವರ ಅಡಗಿದೆ, ಕಣ್ಣು ಚುರುಕಾಗಿದೆ. ಜೀಪಿನಿಂದ ಆರಂಭಿಸಿ ಕಾಗದದವರೆಗೆ ಎಲ್ಲವನ್ನೂ ನಾವು ಹೇಳಿದೆವು. ಅವರು ನಡುವೆ ಮಾತನಾಡಲಿಲ್ಲ. ಮುಗಿದ ಮೇಲೆ, ಆ ವರ್ಷ ಪೇಟೆಯ ಅಂಗಡಿಯಲ್ಲಿ ಬಿದ್ದ ಸಾಲ ಎಷ್ಟೆಂಬುದನ್ನು ರೂಪಾಯಿ ಪೈಸೆಗಳ ಸಹಿತ ಹೇಳಿದರು. ಎರಡನೆಯ ಮಗನು ಏಳನೆಯ ತರಗತಿಗೆ ಶಾಲೆ ಬಿಟ್ಟುದು ಆ ವರ್ಷವೇ ಎಂದರು. ಕ್ಷಮೆಯ ಮಾತನ್ನು ಅವರು ಎತ್ತಲಿಲ್ಲ. ಕೇಳುವ ಧೈರ್ಯ ನಮಗೂ ಆಗಲಿಲ್ಲ. ಸೂರಿನ ನೀರು ಹಂಡೆಗೆ ಬೀಳುವುದನ್ನು ಇಬ್ಬರೂ ನೋಡುತ್ತ ಕುಳಿತೆವು. ತವರಿಗೆ ಬಂದಿದ್ದ ಹಿರಿಯ ಮಗಳು ಚಹಾ ತಂದಿಟ್ಟು, ತಂದೆಯ ಮುಖವನ್ನೂ ನಮ್ಮ ಮುಖವನ್ನೂ ನೋಡಿ ಒಳಗೆ ಹೋದಳು.

“ಅದಿರಲಿ, ಮಾಷ್ಟ್ರೇ,” ಎಂದರು ಭಾಗವತರು ಬಹಳ ಹೊತ್ತಿನ ಮೇಲೆ, ಲೋಟವನ್ನು ಕೆಳಗಿಟ್ಟು, “ಏಳನೇ ಮೇಳಕ್ಕೆ ಯಾರಂತೆ?”

ನಾವು ತಿಳಿಯದೆಂದೆವು. ಅವರು ನಂಬಲಿಲ್ಲ. ತಾವೇ ಮೂರು ಹೆಸರುಗಳನ್ನು ಹೇಳಿ, ಒಬ್ಬೊಬ್ಬರ ಕಂಠ, ಲಯ, ಪ್ರಸಂಗಜ್ಞಾನಗಳನ್ನು ಬೆರಳು ಮಡಚುತ್ತ ತೂಗಿನೋಡಿ, ಕಡಬದ ಕಡೆಯ ಬಸ್ಸು ತಪ್ಪುವ ತನಕ ನಮ್ಮನ್ನು ಜಗಲಿಯಿಂದ ಏಳಗೊಡಲಿಲ್ಲ.