ಬಿಟ್ಟಿ ಸಿಕ್ಕ ಫ್ಯಾಂಟಮ್

ಬಾಲ್ಯದಲ್ಲಿ ಓದಿದ ಪುಸ್ತಕವೊಂದು ಮುಪ್ಪಿನಲ್ಲಿ ಮರಳಿ ಕೈಸೇರಿದರೆ ನಿಮಗೇನೆನಿಸೀತು? ಅಂಬ್ಲಿಗೊಳದ ನಮ್ಮ ಹಳೆಯ ಮನೆಯ ರದ್ದಿ ಒಯ್ಯಲು ಬಂದ ಗುಜರಿಯವನು ತನ್ನ ಚೀಲದಿಂದ ಇಂದ್ರಜಾಲ ಕಾಮಿಕ್ಸ್ ಒಂದನ್ನು ತೆಗೆದು, “ದುಡ್ಡು ಬೇಡ, ಇಟ್ಟುಕೊಳ್ಳಿ” ಎಂದನು. ರಕ್ಷಾಪುಟ ಹರಿದಿತ್ತು, ಒಳಗೆ ಫ್ಯಾಂಟಮ್ ಮಾತ್ರ ಗಟ್ಟಿಮುಟ್ಟಾಗಿದ್ದ.

ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕಿನ ವೀರನನ್ನು ಟೈಮ್ಸ್ ಆಫ್ ಇಂಡಿಯಾ ಬಳಗವು 1964ರಿಂದ 1990ರವರೆಗೆ ಇಂದ್ರಜಾಲದ ಮೂಲಕ ನಮ್ಮ ದೇಶದ ಮಕ್ಕಳಿಗೆ ತಲುಪಿಸಿತು. ಕಾಡಿನ ಜನ ಅವನಿಗೆ ಸಾವಿಲ್ಲವೆಂದೇ ನಂಬಿದ್ದಾರೆ. ಹತ್ತರ ವಯಸ್ಸಿನಲ್ಲಿ ನಾನೂ ನಂಬಿದ್ದೆ! ಆದರೆ ಅವನು ಸಾಯುತ್ತಾನೆ. ಮಗನು ತಂದೆಯನ್ನು ಗುಹೆಯಲ್ಲಿ ಸಮಾಧಿಮಾಡಿ, ಪ್ರತಿಜ್ಞೆಗೈದು, ಅದೇ ಉಡುಪನ್ನು ತೊಡುತ್ತಾನೆ. ಕಥೆಯ ಫ್ಯಾಂಟಮ್ 21ನೆಯವನು.

ಆ ಪುಟವನ್ನು ದಾಟಲು ನನ್ನಿಂದಾಗಲಿಲ್ಲ. ನನ್ನ ತಂದೆ ಇಲ್ಲಿನ ಜಲಾಶಯದ ಕಾಲುವೆಗೆ ನೀರುಗಂಟಿಯಾಗಿದ್ದರು. ಮಳೆಯ ರಾತ್ರಿಗಳಲ್ಲಿ ಕಂಬಳಿಕೊಪ್ಪೆ ಹೊದ್ದು, ಟಾರ್ಚು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದರು. ಹಾಸಿಗೆ ಹಿಡಿದಾಗ ಆ ಟಾರ್ಚನ್ನು ನನ್ನತ್ತ ಚಾಚಿದರು. ನನಗೆ ಬೆಂಗಳೂರಿನಿಂದ ಕೆಲಸದ ಪತ್ರ ಬಂದಿತ್ತು. ಟಾರ್ಚನ್ನು ಕಿಟಕಿಯ ಬಳಿ ಇಟ್ಟು ಹೊರಟುಹೋದೆ. ಅದನ್ನು ಎತ್ತಿಕೊಂಡವನು ನೆರೆಮನೆಯ ಹುಡುಗ.

ಅವರು ತೀರಿದ ಮರುವರ್ಷ ಮಳೆಗಾಲದಲ್ಲಿ ಊರಿಗೆ ಬಂದೆ. ಕತ್ತಲಲ್ಲಿ, ಏರಿಯ ಮೇಲೆ, ಬೆಳಕೊಂದು ಮೆಲ್ಲನೆ ಸಾಗುತ್ತಿತ್ತು. “ಅಪ್ಪಾ” ಎಂದು ಕೂಗಲು ಬಾಯಿ ತೆರೆದಿದ್ದೆ.