ಬೀದರಿನ ಭಾನುವಾರಗಳು

ನಮ್ಮೂರು ವಿಟ್ಲದ ಹತ್ತಿರ, ಕೇರಳದ ಗಡಿಗೆ ತಾಗಿಕೊಂಡ ಅಡಿಕೆ ತೋಟಗಳ ನಡುವೆ. ಕೆಲಸ ಸಿಕ್ಕಿದ್ದು ಬೀದರಿನಲ್ಲಿ. ಒಂದೇ ರಾಜ್ಯದ ಎರಡು ತುದಿ. ನಮ್ಮಲ್ಲೊಬ್ಬರು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಇನ್ನೊಬ್ಬರು ಮನೆಯಲ್ಲೇ ಕುಳಿತು ಅನುವಾದ ಮಾಡುತ್ತಾರೆ. ವರ್ಗಾವಣೆಗೆ ಅರ್ಜಿ ಹಾಕಲು ಏಪ್ರಿಲ್ ಕೊನೆಯವರೆಗೆ ಸಮಯವಿತ್ತು. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ಅರ್ಜಿ ಹಾಕುವುದೋ ಬೇಡವೋ ಎಂಬ ಮಾತು ದಿನಾ ರಾತ್ರಿ ಊಟಕ್ಕೆ ಕುಳಿತಾಗ ಶುರುವಾಗುತ್ತಿತ್ತು, ಪಾತ್ರೆ ತೊಳೆಯುವ ಹೊತ್ತಿಗೆ ಅರ್ಧಕ್ಕೆ ನಿಲ್ಲುತ್ತಿತ್ತು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಏಪ್ರಿಲ್ ತನಕ ಪ್ರತಿ ಭಾನುವಾರ ಬೈಕ್ ಹತ್ತುವುದು, ಈ ಸೀಮೆಯನ್ನು ಸರಿಯಾಗಿ ನೋಡುವುದು. ಆಮೇಲೆ ತೀರ್ಮಾನ.

ಫೆಬ್ರವರಿಯಲ್ಲಿ ಹೊರಟಾಗ ಹೊಲಗಳಲ್ಲಿ ಕಡಲೆ ಕೀಳುತ್ತಿದ್ದರು. ಬಿಳಿಜೋಳದ ತೆನೆ ಬಲಿತಿತ್ತು. ರಸ್ತೆ ಬದಿಯಲ್ಲಿ ಎಲೆಯೇ ಇಲ್ಲದ ಮುತ್ತುಗದ ಮರಗಳು ಮೈತುಂಬ ಕೆಂಪು ಹೂ ಹೊತ್ತು ನಿಂತಿದ್ದವು. ವರ್ಷವಿಡೀ ಹಸಿರು ನೋಡಿ ಬೆಳೆದ ನಮಗೆ ವಸಂತ ಅಂದರೆ ಹಲಸು, ಮಾವು, ಗೇರುಹಣ್ಣಿನ ವಾಸನೆ. ಇಲ್ಲಿ ಅದು ಬಣ್ಣದಲ್ಲಿ ಬರುತ್ತದೆ, ಅದೂ ಒಣಗಿದ ನೆಲದ ಮೇಲೆ.

ಹೋಳಿ ಕಳೆದ ಮೇಲೆ ಅಷ್ಟೂರಿಗೆ ಹೋದೆವು. ಬೀದರಿನಿಂದ ಮೂರೇ ಕಿಲೋಮೀಟರ್. ಬಹಮನಿ ಸುಲ್ತಾನರ ಸಮಾಧಿಗಳು ಸಾಲಾಗಿ ನಿಂತಿವೆ. ಹುಮಾಯೂನ್ ಷಾನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಮಾತ್ರ ಉಳಿದಿದೆ, ಕತ್ತರಿಸಿದ ಹಲಸಿನ ಹಣ್ಣಿನ ಹಾಗೆ. 1422ರಿಂದ 1436ರವರೆಗೆ ಆಳಿದ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಷಾನ ಸಮಾಧಿಯ ಒಳಗೆ ಕತ್ತಲೆ. ಬಾಗಿಲಲ್ಲಿ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಛಾವಣಿಯ ಚಿತ್ತಾರವೆಲ್ಲ ಬಣ್ಣಬಣ್ಣವಾಗಿ ಎದ್ದು ಬಂತು. ಈ ಸುಲ್ತಾನನನ್ನು ಮುಸ್ಲಿಮರು ವಲಿ ಎಂದರೆ ಅನೇಕ ಲಿಂಗಾಯತರು ಅಲ್ಲಮಪ್ರಭುವಿನ ಅವತಾರ ಎನ್ನುತ್ತಾರೆ. ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಉರುಸಿನ ದಿನ ಗೊತ್ತಾಗುವುದು ಹಿಂದೂ ಪಂಚಾಂಗದ ತಿಥಿ ನೋಡಿ. ತೆಂಗಿನಕಾಯಿ ಒಡೆಯುವವರೂ ಫಾತೆಹಾ ಓದುವವರೂ ಒಂದೇ ಅಂಗಳದಲ್ಲಿ ಇರುತ್ತಾರೆ. ಭೂತದ ಕೋಲದಲ್ಲಿ ಬಬ್ಬರ್ಯನ ಕಥೆ ಕೇಳಿ ಬೆಳೆದ ನಮಗೆ ಇದು ತೀರ ಅಪರಿಚಿತ ಅನಿಸಲಿಲ್ಲ.

ಆದರೆ ನಾವು ಹೇಳಬೇಕೆಂದಿರುವುದು ಮುಂದಿನ ಭಾನುವಾರದ ವಿಷಯ. ನೌಬಾದಿಗೆ ಹೊರಟಿದ್ದೆವು. ಮನೆಯ ಮಾಲೀಕರ ತಾಯಿ ಗೇಟಿನಲ್ಲಿ ಕೇಳಿದರು, "ಏನ್ರೀ, ಇಷ್ಟ್ ಬಿಸಲಾಗ ಎಲ್ಲಿ ಹೊಂಟೀರಿ?"

"ಸುರಂಗ ಬಾವಿ ನೋಡಲಿಕ್ಕೆ, ಅಮ್ಮಾ."

"ಅದ್ರಾಗ ಏನದ ನೋಡಲಿಕ್ಕ? ನೀರ ಅದ, ಕತ್ತಲಿ ಅದ."

ಸುರಂಗ ಎಂಬ ಆ ಪದವೇ ನಮ್ಮನ್ನು ಹೊರಡಿಸಿದ್ದು. ನಮ್ಮೂರಿನಲ್ಲೂ ಅದೇ ಪದ. ಗುಡ್ಡದ ಬುಡಕ್ಕೆ ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದ ಮಾಟೆ, ಅದರೊಳಗಿಂದ ಯಾವ ಪಂಪೂ ಇಲ್ಲದೆ ಹರಿದು ಬರುವ ನೀರು. ದಕ್ಷಿಣ ಕನ್ನಡದ ಗಡಿಭಾಗ, ಕಾಸರಗೋಡಿನ ತೋಟಗಳು ಇಂಥ ಸುರಂಗಗಳ ನೀರು ಕುಡಿದೇ ಬೆಳೆದವು. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಒಂದಾದ ಮೇಲೊಂದು ವಿಫಲವಾದರೂ ಬಿಡದೆ ಕೊನೆಗೆ ನೀರು ತಂದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮನೆಯ ಸುರಂಗ ಅಜ್ಜನ ಕಾಲದ್ದು. ಬೋರ್‌ವೆಲ್ ಬಂದ ಮೇಲೆ ಅದರ ಬಾಯಿಗೆ ಮಣ್ಣು ಜರಿದು ಬಿದ್ದಿದೆ.

ನೌಬಾದಿನ ಸುರಂಗ ದೊಡ್ಡದು. ಪರ್ಷಿಯಾದ ವಿದ್ಯೆ, ಕರೇಜ್ ಎಂದು ಹೆಸರು. ಬಹಮನಿಗಳ ಕಾಲದಲ್ಲಿ ಕೊರೆದದ್ದು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಗಾಳಿ, ಬೆಳಕಿಗೆ, ಮಣ್ಣು ಮೇಲೆತ್ತಲಿಕ್ಕೆ ಎಂದು ನಡುನಡುವೆ ಬಾವಿಗಳ ಸಾಲು. ಮೇಲಿನಿಂದ ಇಣುಕಿದರೆ ಆಳದಲ್ಲಿ ನೀರು ಹೊಳೆಯುತ್ತದೆ.

ಅದರ ಗೋಡೆ ಮುಟ್ಟಿ ನೋಡಿದೆವು. ತೂತುತೂತಾದ ಕೆಂಪು ಕಲ್ಲು. ನಮ್ಮ ಮುರಕಲ್ಲು! ಪುಸ್ತಕದಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ. ಬೀದರ್ ನಿಂತಿರುವುದೂ ಇದೇ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಮಳೆನೀರು ಈ ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ, ಕೆಳಗಿನ ಗಟ್ಟಿ ಪದರ ಸಿಕ್ಕಿದಲ್ಲಿ ನಿಂತು ಅಡ್ಡಕ್ಕೆ ಹರಿಯುತ್ತದೆ. ಅಲ್ಲಿಗೆ ಸ್ವಲ್ಪವೇ ಇಳಿಜಾರಾಗಿ ದಾರಿ ಕೊರೆದರೆ ಸಾಕು, ನೀರು ತಾನೇ ಬರುತ್ತದೆ. ನಮ್ಮ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ, ಇಲ್ಲಿ ಅದರ ಕಾಲುಭಾಗ ಸಿಕ್ಕರೆ ಹೆಚ್ಚು. ಲೆಕ್ಕ ಬೇರೆ ಬೇರೆ, ಉಪಾಯ ಮಾತ್ರ ಒಂದೇ.

ಎರಡೂ ಕಡೆಯ ಕಷ್ಟವೂ ಒಂದೇ. ಊರು ಬೆಳೆದ ಹಾಗೆ ಕರೇಜಿನ ಬಾವಿಗಳ ಮೇಲೆ, ಸುತ್ತ ಕಟ್ಟಡಗಳು ಬಂದಿವೆ. ಕೆಲವು ಬಾವಿಗಳಿಗೆ ಕಸ ಸೇರಿದೆ. ಹೂಳೆತ್ತುವ ಕೆಲಸ ನಡೆದಿದೆ. ದಖ್ಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು 2020ರ ವಿಶ್ವ ಸ್ಮಾರಕಗಳ ಕಾವಲು ಪಟ್ಟಿಗೂ ಸೇರಿಸಿದರು. ಆದರೂ ಸುರಂಗಕ್ಕೆ ನೀರು ಬರಬೇಕಾದರೆ ಮೇಲಿನ ನೆಲ ನೀರು ಕುಡಿಯಬೇಕು. ಕಾಂಕ್ರೀಟು ಕುಡಿಯುವುದಿಲ್ಲ. ಅಲ್ಲೇ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಊರಿನ ಸುರಂಗದ ಬಾಯಿಗೆ ಬಿದ್ದ ಮಣ್ಣಿನ ರಾಶಿ ಇಬ್ಬರ ತಲೆಯಲ್ಲೂ ಇತ್ತು. ಮಾತು ಬರಲಿಲ್ಲ.

ಅಂದು ಸಂಜೆ ಅಪ್ಪನಿಗೆ ಫೋನ್ ಮಾಡಿ ಸುರಂಗದ ಮಣ್ಣು ತೆಗೆಸೋಣ ಎಂದೆವು.

"ಬೋರ್‌ವೆಲ್ ಉಂಟಲ್ಲ, ಸುರಂಗ ಯಾಕೆ ಈಗ?"

"ಬೋರಿನಲ್ಲಿ ಈಗ ನೀರು ಎಷ್ಟು ಹೊತ್ತು ಬರ್ತದೆ ಅಪ್ಪಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಗಂಟೆ. ಆಮೇಲೆ ಕೆಸರು."

ಯುಗಾದಿಯ ದಿನ ಮಾಲೀಕರ ಮನೆಯಿಂದ ಲೋಟ ತುಂಬ ಬೇವು ಬಂತು. ಬೆಲ್ಲದ ನೀರಿಗೆ ಬೇವಿನ ಹೂ, ಪುಠಾಣಿ, ದ್ರಾಕ್ಷಿ ಹಾಕಿದ್ದು. ನಮ್ಮ ಬಿಸು ಹಬ್ಬ ಏಪ್ರಿಲ್ ಮಧ್ಯಕ್ಕೆ. ಅಂದು ನಾವು ಕಣಿ ಇಟ್ಟೆವು, ಪಾಯಸ ಮಾಡಿ ಅವರಿಗೆ ಕೊಟ್ಟೆವು. "ನಿಮಗ ವರ್ಷಕ್ಕ ಎರಡ್ ವರ್ಷ ಬರ್ತಾವೇನ್ರೀ?" ಎಂದು ಅಜ್ಜಿ ನಕ್ಕರು.

ಈ ಸಲ ಅರ್ಜಿ ಹಾಕಲಿಲ್ಲ. ಇದರಿಂದ ಊರಿನ ಚಿಂತೆ ತೀರಿತು ಎಂದೇನಲ್ಲ. ಮೇ ತಿಂಗಳಲ್ಲಿ ನಮ್ಮಲ್ಲೊಬ್ಬರು ಹದಿನೈದು ದಿನ ಹೋಗಿ ಸುರಂಗದ ಕೆಲಸ ಮಾಡಿಸುವುದು, ಮಳೆ ಹಿಡಿಯುವ ಮೊದಲು ಮುಗಿಸುವುದು ಎಂದಾಗಿದೆ. ಲ್ಯಾಪ್‌ಟಾಪ್ ಜೊತೆಗಿದ್ದರೆ ಅನುವಾದ ಅಲ್ಲಿಂದಲೂ ನಡೆಯುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಇದೇ ಪ್ರಶ್ನೆ ಎದುರು ಕೂರುತ್ತದೆ, ಗೊತ್ತು.

ನೀವು ಈ ಕಡೆ ಬರುವುದಾದರೆ ಫೆಬ್ರವರಿಯಲ್ಲಿ ಬನ್ನಿ, ಮುತ್ತುಗ ಅರಳಿರುತ್ತದೆ. ಏಪ್ರಿಲ್‌ನಲ್ಲಿ ಬಂದರೆ ಬೆಳಿಗ್ಗೆ ಒಂಬತ್ತರೊಳಗೆ ತಿರುಗಾಟ ಮುಗಿಸಿ. ಕೋಟೆ ನೋಡಿ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿ. ಆಮೇಲೆ ಒಂದು ಗಂಟೆ ನೌಬಾದಿಗೂ ಇಟ್ಟುಕೊಳ್ಳಿ.